ಕೌಂಟಿ ಬೋರ್ಡ್ ಮೀಟಿಂಗಿಗೆ ಹೋಗಿ ಮಾತಾಡಿದರೆ ಕೆಲಸ ಆಗುತ್ತಾ? ಅನುಭವ ಇದ್ದವರು ಹೇಳಿ

ಕೇಳಿದವರು

ಎಲ್ಲರಿಗೂ ನಮಸ್ಕಾರ. ನಾವು ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಯಾವ ಕೌಂಟಿ (ನಮ್ಮೂರ ಜಿಲ್ಲೆ ಇದ್ದ ಹಾಗೆ) ಅನ್ನುವುದು ಬೇಡ ಬಿಡಿ. ಮನೆಯ ಹತ್ತಿರ ಎಂಟು ಲೇನಿನ ದೊಡ್ಡ ರಸ್ತೆ. ಆ ಕಡೆ ಲೈಬ್ರರಿ, ಪಾರ್ಕ್. ಅರಸೀಕೆರೆಯಿಂದ ಅಮ್ಮ ಬಂದಿದ್ದಾರೆ. ಮೊಮ್ಮಗನ ಕೈ ಹಿಡಿದು ಅವರು ರಸ್ತೆ ದಾಟುವಷ್ಟರಲ್ಲಿ ಸಿಗ್ನಲ್ಲಿನ ಸೆಕೆಂಡು ಮುಗಿದೇ ಹೋಗಿರುತ್ತದೆ. ಕೊನೆಯ ಎರಡು ಲೇನ್ ಓಡಬೇಕು. ಅವರ ಮಂಡಿನೋವಿಗೆ ಅದು ಆಗದ ಮಾತು.

ಸಿಟಿಗೆ ಬರೆದೆ. ಆ ರಸ್ತೆ ನಮ್ಮದಲ್ಲ, ಕೌಂಟಿಯದು ಎಂದರು. ಕೌಂಟಿಯ ಫಾರ್ಮ್ ತುಂಬಿದೆ. ಒಂದು ನಂಬರ್ ಬಂತು, ಅಷ್ಟೇ.

ಬರುವ ಮಂಗಳವಾರ ಕೌಂಟಿ ನಡೆಸುವ ಚುನಾಯಿತ ಮಂಡಳಿಯ, ಅಂದರೆ ಬೋರ್ಡ್ ಆಫ್ ಸೂಪರ್‌ವೈಸರ್ಸ್ ಮೀಟಿಂಗ್ ಇದೆ. ಅಜೆಂಡಾ ತೆಗೆದರೆ ಉದ್ದಾನುದ್ದ ಪಟ್ಟಿ. ಅದರಲ್ಲಿ 'ಕನ್ಸೆಂಟ್ ಕ್ಯಾಲೆಂಡರ್' ಅಂತ ಒಂದು ಭಾಗ. ಅಲ್ಲಿ ನಮ್ಮ ರಸ್ತೆಗೆ ಹೊಸ ಡಾಂಬರು ಹಾಕುವ ಕಾಂಟ್ರಾಕ್ಟ್ ಕೂಡ ಇದೆ! ಇದೇ ಸಮಯ ಅಂತ ರಜೆ ಹಾಕಿ ಹೋಗೋಣ ಅಂದುಕೊಂಡಿದ್ದೇನೆ. ಉಪಯೋಗ ಇದೆಯಾ? ನಾನು ಎಚ್-1ಬಿ ಮೇಲಿದ್ದೇನೆ, ಓಟಿಲ್ಲ. ಮಾತಾಡಬಹುದಾ? ಹೋದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಸ್ಯಾನ್ ಹೋಸೆಯಿಂದ ಒಬ್ಬರು

ಮೊದಲು ಕನ್ಸೆಂಟ್ ಕ್ಯಾಲೆಂಡರ್ ಏನು ಅಂತ ಹೇಳಿಬಿಡುತ್ತೇನೆ. ನಮ್ಮ ಕನ್ನಡ ಸಂಘದ ವಾರ್ಷಿಕ ಸಭೆಯಲ್ಲಿ 'ಹೋದ ವರ್ಷದ ನಡಾವಳಿಯನ್ನು ಓದಿ ಅಂಗೀಕರಿಸಲಾಯಿತು' ಅನ್ನುತ್ತೇವಲ್ಲ, ಯಾರೂ ಓದಿರುವುದಿಲ್ಲ, ಹಾಗೆ. ಕಾಂಟ್ರಾಕ್ಟ್, ಖರೀದಿ, ಗ್ರ್ಯಾಂಟ್ ಒಪ್ಪಿಕೊಳ್ಳುವುದು, ಸಮಿತಿಗಳಿಗೆ ನೇಮಕ, ಹಿಂದಿನ ಸಭೆಯ ನಡಾವಳಿ, ಇಂಥ ದಿನನಿತ್ಯದ ಕೆಲಸಗಳೆಲ್ಲ ಒಂದೇ ಕಟ್ಟಿನಲ್ಲಿರುತ್ತವೆ. ಒಂದೇ ಮತದಲ್ಲಿ ಎಲ್ಲವೂ ಪಾಸ್. ಚರ್ಚೆ ಇಲ್ಲ. ಸದಸ್ಯರಲ್ಲಿ ಯಾರಾದರೂ ಬೇಡ ಎಂದರೆ ಆ ಐಟಂ ಮಾತ್ರ ಹೊರಗೆ ಬಂದು ಬೇರೆಯಾಗಿ ಚರ್ಚೆಯಾಗುತ್ತದೆ. ಮತ ಹಾಕುವ ಮೊದಲು ಸಾರ್ವಜನಿಕರೂ ಮಾತಾಡಬಹುದು.

ಇದನ್ನು ನೋಡಿ ಮೋಸ ಅಂದುಕೊಳ್ಳಬೇಡಿ. ಇಲ್ಲಿನ ಬೋರ್ಡಿನಲ್ಲಿ ಇರುವುದು ಐದೇ ಜನ. ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಒಂದನ್ನು ಬಿಟ್ಟರೆ ಎಲ್ಲ ಕಡೆ ಐದೇ. ಆಸ್ಪತ್ರೆ, ಜೈಲು, ರಸ್ತೆ, ಚುನಾವಣೆ, ಮಕ್ಕಳ ರಕ್ಷಣೆ ಎಲ್ಲವೂ ಅವರ ತಲೆಯ ಮೇಲೆ. ಪ್ರತಿ ಐಟಂಗೂ ಚರ್ಚೆಗೆ ಕೂತರೆ ಮುಗಿಯುವುದೇ ಇಲ್ಲ.

ಆದರೆ ಇದರ ಅರ್ಥ ಇಷ್ಟು: ಪಟ್ಟಿಗೆ ಬಂದ ವಿಷಯ ಕೆಳಗೆ ಆಗಲೇ ತೀರ್ಮಾನ ಆಗಿದೆ. ಇಲಾಖೆ ನಕ್ಷೆ ಮಾಡಿದೆ, ಟೆಂಡರ್ ಕರೆದಿದೆ, ವಕೀಲರು ನೋಡಿದ್ದಾರೆ, ಕೌಂಟಿ ಎಕ್ಸಿಕ್ಯೂಟಿವ್ ಕಚೇರಿ ಒಪ್ಪಿದೆ. ಮಂಗಳವಾರ ಬೋರ್ಡ್ ಒತ್ತುವುದು ಮುದ್ರೆ. ನೀವು ಆವತ್ತು ಎದ್ದು ನಿಂತು 'ಇದರ ಜೊತೆ ಸಿಗ್ನಲ್ಲೂ ನೋಡಿ' ಎಂದರೆ ಕಾಂಟ್ರಾಕ್ಟ್ ತಡೆಯುವವರು ಯಾರೂ ಇಲ್ಲ, ತಡೆಯಲೂಬಾರದು.

ಮೀಟಿಂಗ್ ಬಿಡಿ. ಇವತ್ತೇ ಆ ಐಟಂ ಮೇಲೆ ಕ್ಲಿಕ್ ಮಾಡಿ, ಅದಕ್ಕೆ ಅಂಟಿಸಿದ ಸ್ಟಾಫ್ ರಿಪೋರ್ಟ್ ಓದಿ. ಯಾವ ಇಲಾಖೆಯಿಂದ ಬಂತು, ಹಣ ಯಾವುದು, ಹಿಂದೆ ಯಾವಾಗ ಬೋರ್ಡ್ ಮುಂದೆ ಬಂದಿತ್ತು, ಎಲ್ಲ ಇರುತ್ತದೆ. ಆಮೇಲೆ ಬೋರ್ಡಿನಲ್ಲಿ ನಿಮ್ಮ ಭಾಗವನ್ನು ಪ್ರತಿನಿಧಿಸುವ ಸೂಪರ್‌ವೈಸರ್ ಕಚೇರಿಗೆ ಫೋನ್ ಮಾಡಿ. ಸೂಪರ್‌ವೈಸರ್ ಸಿಗುವುದಿಲ್ಲ. ಸಿಗಬೇಕಾಗಿಯೂ ಇಲ್ಲ. ಸಾರಿಗೆ ವಿಷಯ ನೋಡುವ ಸಹಾಯಕರು ಯಾರು ಅಂತ ಕೇಳಿ. ಕೆಲಸ ಆಗುವುದು ಅವರಿಂದ.

ರಸ್ತೆ ಎಂಜಿನಿಯರಿಂಗಿನಲ್ಲಿ ಕೆಲಸ ಮಾಡುವವರು

ಮೇಲಿನವರು ಸರಿಯಾಗಿ ಹೇಳಿದ್ದಾರೆ. ಒಂದು ಮುಖ್ಯ ವಿಷಯ ಸೇರಿಸುತ್ತೇನೆ. ಸಿಗ್ನಲ್ ಎಷ್ಟು ಸೆಕೆಂಡ್ ಇರಬೇಕು ಅನ್ನುವುದು ಬೋರ್ಡ್ ತೀರ್ಮಾನವೇ ಅಲ್ಲ! ಅದಕ್ಕೆ ಮತ ಹಾಕುವುದಿಲ್ಲ. ಟ್ರಾಫಿಕ್ ಎಂಜಿನಿಯರ್ ಟೇಬಲ್ಲಿನಲ್ಲಿ ಆಗುವ ಕೆಲಸ ಅದು.

ಲೆಕ್ಕ ಹೀಗೆ. ಕೈ ಗುರುತು ಮಿನುಗುತ್ತಾ ಸೆಕೆಂಡು ಇಳಿಯುತ್ತದಲ್ಲ, ಆ ಸಮಯವನ್ನು ಸಾಮಾನ್ಯವಾಗಿ ಮನುಷ್ಯ ಸೆಕೆಂಡಿಗೆ 3.5 ಅಡಿ ನಡೆಯುತ್ತಾನೆ ಅಂತ ಹಿಡಿದು ಇಡುತ್ತಾರೆ. ವಯಸ್ಸಾದವರು, ಅಂಗವಿಕಲರು ಮಾಮೂಲಾಗಿ ಓಡಾಡುವ ಜಾಗದಲ್ಲಿ 2.8 ಅಡಿ ಹಿಡಿಯುವುದನ್ನು ಪರಿಗಣಿಸಬೇಕು ಅಂತ ಕ್ಯಾಲಿಫೋರ್ನಿಯಾದ ಟ್ರಾಫಿಕ್ ಸಿಗ್ನಲ್ ಕೈಪಿಡಿಯಲ್ಲೇ ಇದೆ. ರಸ್ತೆ 100 ಅಡಿ ಅಗಲ ಅಂದುಕೊಳ್ಳಿ. 3.5ರ ಲೆಕ್ಕದಲ್ಲಿ ಸುಮಾರು 29 ಸೆಕೆಂಡ್. 2.8ರ ಲೆಕ್ಕದಲ್ಲಿ ಸುಮಾರು 36. ಆ ಏಳು ಸೆಕೆಂಡ್ ನಿಮ್ಮ ಅಮ್ಮನಿಗೆ ಎರಡು ಲೇನ್ ಹತ್ತಿರ ಹತ್ತಿರ ಆಗುತ್ತದೆ.

ಆದ್ದರಿಂದ 'ಅಮ್ಮನಿಗೆ ದಾಟಲು ಆಗುತ್ತಿಲ್ಲ' ಅಂತ ಬರೆದರೆ ಅದು ದೂರಾಗುತ್ತದೆ, ನಂಬರ್ ಕೊಟ್ಟು ಸುಮ್ಮನಾಗುತ್ತಾರೆ. ಹೀಗೆ ಕೇಳಿ: ಈ ಎರಡು ರಸ್ತೆ ಸೇರುವಲ್ಲಿ, ಈ ಬದಿಯ ಕ್ರಾಸ್‌ವಾಕ್‌ಗೆ ಯಾವ ನಡಿಗೆಯ ವೇಗ ಹಿಡಿದಿದ್ದೀರಿ? ಪಕ್ಕದಲ್ಲೇ ಲೈಬ್ರರಿ, ಪಾರ್ಕ್ ಇದೆ, ಹಿರಿಯರು ದಿನಾ ದಾಟುತ್ತಾರೆ, 2.8 ಅಡಿಗೆ ಬದಲಾಯಿಸುವ ಬಗ್ಗೆ ನೋಡುತ್ತೀರಾ? ಬೆಳಿಗ್ಗೆ ಎಷ್ಟು ಗಂಟೆಗೆ ಜಾಸ್ತಿ ಜನ ಅಂತಲೂ ಬರೆಯಿರಿ. ಇಂಥ ಪತ್ರಕ್ಕೆ ಎಂಜಿನಿಯರ್ ಉತ್ತರ ಕೊಡಲೇಬೇಕಾಗುತ್ತದೆ, ಯಾಕೆಂದರೆ ಪ್ರಶ್ನೆ ಅವರ ಭಾಷೆಯಲ್ಲೇ ಇದೆ.

ಡಾಂಬರಿನ ವಿಷಯ. ರಸ್ತೆಗೆ ಹೊಸ ಪದರ ಹಾಕಿದರೆ ಕ್ರಾಸ್‌ವಾಕ್ ಮೂಲೆಗಳಲ್ಲಿ ಗಾಲಿಕುರ್ಚಿ ಇಳಿಯುವ ಇಳಿಜಾರನ್ನೂ ಸರಿಮಾಡಬೇಕು ಅನ್ನುವುದು ಫೆಡರಲ್ ನಿಯಮ. ಅಂದರೆ ನಿಮ್ಮ ಮೂಲೆಯನ್ನು ಹೇಗಿದ್ದರೂ ಅಗೆಯುವ ಸಾಧ್ಯತೆ ಇದೆ. ದಾಟುವವರು ಒತ್ತುವ ಬಟನ್ ಕಂಬ ಜರುಗಿಸುವುದಿದ್ದರೆ ಅದೇ ಹೊತ್ತಿನಲ್ಲಿ ಸುಲಭ. ಕೆಲಸ ಶುರುವಾದ ಮೇಲೆ ಬದಲಾವಣೆ ಕೇಳಿದರೆ ಕಾಂಟ್ರಾಕ್ಟರ್ ಬೇರೆ ಬಿಲ್ ಹಾಕುತ್ತಾನೆ, ಇಲಾಖೆ ಹಿಂದೆ ಸರಿಯುತ್ತದೆ. ಪತ್ರ ಈ ವಾರವೇ ಹೋಗಲಿ.

ಫೇರ್‌ಫ್ಯಾಕ್ಸ್, ವರ್ಜೀನಿಯಾ

ನಮ್ಮ ಕಡೆಯವರು ಇದನ್ನು ಓದಿ ಕೌಂಟಿಗೆ ಓಡಬೇಡಿ. ವರ್ಜೀನಿಯಾದಲ್ಲಿ ಕೌಂಟಿಯ ಒಳಗಿನ ಬಹುತೇಕ ರಸ್ತೆಗಳನ್ನು ನೋಡಿಕೊಳ್ಳುವುದು ರಾಜ್ಯದ ಸಾರಿಗೆ ಇಲಾಖೆ. ಆರ್ಲಿಂಗ್ಟನ್, ಹೆನ್ರೈಕೊ ಎರಡೇ ಕೌಂಟಿ ತಮ್ಮ ರಸ್ತೆ ತಾವು ನೋಡಿಕೊಳ್ಳುತ್ತವೆ. ನಮ್ಮ ಬೋರ್ಡಿನಲ್ಲಿ ಹತ್ತು ಜನ ಇದ್ದಾರೆ, ಆದರೆ ಗುಂಡಿ ಮುಚ್ಚುವುದು ಅವರ ಕೈಯಲ್ಲಿಲ್ಲ.

ನೋವೈ, ಮಿಶಿಗನ್

ಇಲ್ಲಿ ಇನ್ನೂ ಬೇರೆ. ಓಕ್ಲೆಂಡ್ ಕೌಂಟಿಯಲ್ಲಿ ರಸ್ತೆಗೇ ಒಂದು ಪ್ರತ್ಯೇಕ ರೋಡ್ ಕಮಿಷನ್. ಮೂರು ಜನ. ಕೌಂಟಿ ಬೋರ್ಡ್ ಅವರನ್ನು ನೇಮಿಸುತ್ತದೆ, ಅಷ್ಟೇ. ರಸ್ತೆ ಯಾರದ್ದು ಅಂತ ತಿಳಿಯುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಸನಿವೇಲ್

ಅದಕ್ಕೇ ನಮ್ಮಲ್ಲಿ ಹೊಸಬರಿಗೆ ಗೊಂದಲ. ಸಾಂತಾ ಕ್ಲಾರಾ ಕೌಂಟಿಯಲ್ಲಿ ಲಾರೆನ್ಸ್, ಸ್ಯಾನ್ ತೋಮಸ್, ಮಾಂಟೆಗ್ಯೂ, ಸೆಂಟ್ರಲ್ ಎಕ್ಸ್‌ಪ್ರೆಸ್‌ವೇಗಳು ಸಿಟಿಗಳ ನಡುವೆಯೇ ಹಾದುಹೋದರೂ ಕೌಂಟಿಯವು. ಅಡ್ಡ ಬರುವ ರಸ್ತೆ ಸಿಟಿಯದು. ಸಿಗ್ನಲ್ ಸಮಯ ಜಾಸ್ತಿ ಮಾಡಿದರೆ ಅಡ್ಡರಸ್ತೆಯ ಹಸಿರಿಗೂ ತಾಗುತ್ತದೆ. ಪತ್ರದ ಪ್ರತಿಯನ್ನು ಸಿಟಿಯ ಟ್ರಾಫಿಕ್ ವಿಭಾಗಕ್ಕೂ ಹಾಕಿ. ಆಮೇಲೆ ಒಬ್ಬರ ಮೇಲೊಬ್ಬರು ಹೇಳುವುದು ತಪ್ಪುತ್ತದೆ.

ಹೆಸರು ಬೇಡ ಎಂದವರು

ನನ್ನ ಅನುಭವ ಬೇರೆ. ಮೀಟಿಂಗಿಗೆ ಹೋಗುವುದು ಸುಮ್ನೆ ಟೈಮ್ ವೇಸ್ಟ್. ನಮ್ಮ ಬೀದಿಯವರೆಲ್ಲ ಹೋಗಿ ಮಧ್ಯಾಹ್ನದವರೆಗೆ ಕೂತೆವು. ಒಬ್ಬೊಬ್ಬರಿಗೆ ಒಂದು ನಿಮಿಷ ಕೊಟ್ಟರು. ಐದು ಜನರೂ ಕಲ್ಲಿನ ಹಾಗೆ ಕೂತಿದ್ದರು. 'ಥ್ಯಾಂಕ್ಯೂ, ನೆಕ್ಸ್ಟ್ ಸ್ಪೀಕರ್.' ಒಂದು ಪ್ರಶ್ನೆ ಕೂಡ ಕೇಳಲಿಲ್ಲ. ಮರ್ಯಾದೆನಾ ಇದು?

ಸಾಕ್ರಮೆಂಟೊದಿಂದ, ಕೌಂಟಿ ಸಲಹಾ ಸಮಿತಿಯೊಂದರಲ್ಲಿ ಇದ್ದವರು

ನಿಮ್ಮ ಸಿಟ್ಟು ಅರ್ಥ ಆಗುತ್ತದೆ. ಆದರೆ ಆ ಮೌನಕ್ಕೆ ಕಾರಣ ಕಾನೂನು. 1953ರಿಂದ ಇಲ್ಲಿ ಬ್ರೌನ್ ಆಕ್ಟ್ ಇದೆ, ಸ್ಥಳೀಯ ಮಂಡಳಿಗಳ ಸಭೆ ಬಹಿರಂಗವಾಗಿ ನಡೆಯಬೇಕು ಅನ್ನುವ ಕಾನೂನು. ಮಾಮೂಲಿ ಸಭೆಯ ಅಜೆಂಡಾವನ್ನು 72 ಗಂಟೆ ಮೊದಲು ಹಾಕಬೇಕು. ಅದರಲ್ಲಿ ಇಲ್ಲದ ವಿಷಯದ ಮೇಲೆ ಆವತ್ತು ಚರ್ಚೆ, ತೀರ್ಮಾನ ಮಾಡುವಂತಿಲ್ಲ. ಇಲ್ಲದಿದ್ದರೆ ಯಾರಿಗೂ ಹೇಳದೆ ಯಾವ ವಿಷಯವನ್ನಾದರೂ ಎತ್ತಿ ಪಾಸ್ ಮಾಡಿಬಿಡಬಹುದು, ಅಲ್ವಾ? ಸದಸ್ಯರು ಚುಟುಕಾಗಿ ಉತ್ತರಿಸಬಹುದು, ಸಿಬ್ಬಂದಿಗೆ ನೋಡಲು ಹೇಳಬಹುದು. ಹೆಚ್ಚಿನವರು ಅದನ್ನೂ ಮಾಡುವುದಿಲ್ಲ, ಅದು ಅವರ ತಪ್ಪು, ಒಪ್ಪುತ್ತೇನೆ.

ಇನ್ನೊಂದು. ಐದರಲ್ಲಿ ಮೂರು ಬಹುಮತ. ಸಭೆಯ ಹೊರಗೆ ಮೂವರು ಸೇರಿ ಒಂದು ವಿಷಯ ಮಾತಾಡಿಕೊಳ್ಳುವಂತಿಲ್ಲ. ಒಬ್ಬರಿಂದ ಇನ್ನೊಬ್ಬರಿಗೆ, ಅವರಿಂದ ಮೂರನೆಯವರಿಗೆ ಸುದ್ದಿ ದಾಟಿಸುವುದೂ ತಪ್ಪು. 'ಉಳಿದವರು ಏನಂತಾರೆ?' ಅಂತ ಕೇಳಿದರೆ ಸಹಾಯಕರು ತಡವರಿಸುವುದು ಇದಕ್ಕೇ. ನೀವು ಐದೂ ಜನರಿಗೆ ಪತ್ರ ಬರೆಯಲು ಏನೂ ಅಡ್ಡಿಯಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಒಪ್ಪಿಸುವ ದೂತರಾಗಬೇಡಿ.

ಈಗ ಕೆಲಸಕ್ಕೆ ಬರುವ ದಾರಿ. ಎಂಜಿನಿಯರ್ ಉತ್ತರ ಕೊಡದಿದ್ದರೆ, ಅಥವಾ ಆಗುವುದಿಲ್ಲ ಎಂದರೆ, ನಿಮ್ಮ ಸೂಪರ್‌ವೈಸರ್ ಸಭೆಯಲ್ಲಿ ಒಂದು 'ರೆಫರಲ್' ತರುವಂತೆ ಕೇಳಿ. 'ಈ ರಸ್ತೆಯ ಕ್ರಾಸ್‌ವಾಕ್‌ಗಳ ಸಮಯ ಪರಿಶೀಲಿಸಿ ಇಷ್ಟು ದಿನದಲ್ಲಿ ವರದಿ ಕೊಡಿ' ಅಂತ ಇಲಾಖೆಗೆ ಬೋರ್ಡ್ ಹೇಳುವ ನಿರ್ಣಯ ಅದು. ಅದು ಅಜೆಂಡಾಕ್ಕೆ ಬಂದ ದಿನ ಮಾತ್ರ ರಜೆ ಹಾಕಿ ಹೋಗಿ, ನಾಲ್ಕು ಅಕ್ಕಪಕ್ಕದವರನ್ನೂ ಕರೆದುಕೊಂಡು ಹೋಗಿ. ಆವತ್ತು ನಿಮ್ಮ ಒಂದು ನಿಮಿಷಕ್ಕೆ ಬೆಲೆ ಇದೆ.

ಆಮೇಲೆ ಹೆಚ್ಚಿನವರು ಬಿಟ್ಟುಬಿಡುವುದು ಇಲ್ಲೇ. ಆ ವರದಿ ವಾಪಸ್ ಬರುವುದು ಮತ್ತೆ ಕನ್ಸೆಂಟ್ ಪಟ್ಟಿಯಲ್ಲಿ, 'ರಿಸೀವ್ ರಿಪೋರ್ಟ್' ಅನ್ನುವ ನಿದ್ದೆ ಬರುವ ಶೀರ್ಷಿಕೆಯಲ್ಲಿ. ನೋಡದಿದ್ದರೆ ಇಲಾಖೆ 'ಈಗಿರುವುದು ಸಾಕು' ಎಂದು ಬರೆದು, ಬೋರ್ಡ್ ಸ್ವೀಕರಿಸಿ, ವಿಷಯ ಮುಗಿಯುತ್ತದೆ. ಕೆಲವೊಮ್ಮೆ ಅಜೆಂಡಾಕ್ಕೇ ಬಾರದೆ ಸದಸ್ಯರಿಗೆ ನೇರ ಟಿಪ್ಪಣಿ ಹೋಗುತ್ತದೆ. ಅದೂ ಸಾರ್ವಜನಿಕ ದಾಖಲೆಯೇ. ಪಬ್ಲಿಕ್ ರೆಕಾರ್ಡ್ಸ್ ಕಾಯ್ದೆಯಡಿ ಇಮೇಲ್‌ನಲ್ಲೇ ಕೇಳಬಹುದು. ಕೊಡುತ್ತಾರೋ ಇಲ್ಲವೋ ಅಂತ ಹತ್ತು ದಿನದೊಳಗೆ ತಿಳಿಸಬೇಕು. ಇನ್ನೂ 14 ದಿನ ಮುಂದೂಡಲು ಅವರಿಗೆ ಅವಕಾಶ ಇದೆ.

ಹಣದ ವಿಷಯವೂ ಹೇಳಿಬಿಡುತ್ತೇನೆ. ಸಮಯ ಬದಲಿಸಲು ದುಡ್ಡು ಬೇಕಿಲ್ಲ. ರಸ್ತೆ ಮಧ್ಯೆ ನಿಲ್ಲಲು ಕಟ್ಟೆ ಬೇಕು ಎಂದರೆ ಬೇಕು. ಆಗ ಜುಲೈ 1ಕ್ಕೆ ಶುರುವಾಗುವ ಬಜೆಟ್ಟಿಗೆ ಚಳಿಗಾಲದಲ್ಲೇ ಕೇಳಿಕೊಂಡಿರಬೇಕು. ಜೂನ್ ವಿಚಾರಣೆಗೆ ಹೋಗಿ ಕೇಳುವುದು ತಡ. ಬಜೆಟ್ ಪಾಸಾದ ಮೇಲೆ ಹೊಸದಾಗಿ ಬಂದ ಹಣವನ್ನು ಹಂಚಲು ಐದರಲ್ಲಿ ನಾಲ್ಕು ಮತ ಬೇಕು, ಮೂರು ಸಾಲದು.

ಫ್ರೀಮಾಂಟ್‌ನ ಒಬ್ಬ ಹಿರಿಯರು

ಓಟಿಲ್ಲ ಅಂತ ಹಿಂಜರಿಯಬೇಡಮ್ಮ. ಸಭೆಗೆ ಬರಲು ಹೆಸರು ಬರೆಸಲೇಬೇಕು ಅಂತ ಕೂಡ ಇಲ್ಲಿ ಒತ್ತಾಯ ಮಾಡುವಂತಿಲ್ಲ. ಪೌರತ್ವ ಯಾರೂ ಕೇಳುವುದಿಲ್ಲ. ನಿನ್ನ ಅಮ್ಮನೇ ಮಾತಾಡಬಹುದು, ಕನ್ನಡದಲ್ಲೇ! ಅನುವಾದಕರ ಮೂಲಕ ಮಾತಾಡುವವರಿಗೆ ಎರಡು ಪಟ್ಟು ಸಮಯ ಕೊಡಬೇಕು ಅಂತ ಕಾನೂನಿದೆ. ನೀನು ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ಹೇಳು. ಕ್ಲರ್ಕ್‌ಗೆ ಮೊದಲೇ ತಿಳಿಸಿಬಿಡು. ಮಂಡಿ ನೋಯುವವರೇ ಎದುರಿಗೆ ನಿಂತು ಹೇಳಿದರೆ ಅದರ ತೂಕ ಬೇರೆ.

ಇನ್ನೊಂದು ಸಣ್ಣ ಮಾತು. ಸಲಹಾ ಸಮಿತಿಗಳಲ್ಲಿ ಖಾಲಿ ಆಗುವ ಜಾಗಗಳ ಪಟ್ಟಿಯನ್ನು ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಪ್ರಕಟಿಸಬೇಕು. ನಮ್ಮವರು ಅದನ್ನು ನೋಡುವುದೇ ಇಲ್ಲ. ಹಿರಿಯ ನಾಗರಿಕರ ಸಮಿತಿ, ಪಾದಚಾರಿ ಸಮಿತಿ ಇದ್ದರೆ ಅರ್ಹತೆ ಓದಿ ಅರ್ಜಿ ಹಾಕಿ.

ಆಸ್ಟಿನ್ ಕಡೆಯವರು

ಟೆಕ್ಸಸ್‌ನಲ್ಲೂ ಎರಡು ಪಟ್ಟು ಸಮಯ ಉಂಟು. 2019ರಿಂದ, ಅಜೆಂಡಾದ ಐಟಂ ಬಗ್ಗೆ ತೀರ್ಮಾನಕ್ಕೆ ಮೊದಲೇ ಜನರಿಗೆ ಮಾತಾಡಲು ಬಿಡಬೇಕು ಅಂತಲೂ ಇದೆ. ನಮ್ಮಲ್ಲಿ ಬೋರ್ಡಿನ ಜಾಗದಲ್ಲಿ ಕೌಂಟಿ ಜಡ್ಜ್ ಮತ್ತು ನಾಲ್ಕು ಕಮಿಷನರ್‌ಗಳು. ರಸ್ತೆ ವಿಷಯಕ್ಕೆ ನಿಮ್ಮ ಪ್ರಿಸಿಂಕ್ಟ್ (ಕೌಂಟಿಯ ನಾಲ್ಕು ಭಾಗಗಳಲ್ಲಿ ಒಂದು) ಕಮಿಷನರ್ ಕಚೇರಿಗೇ ನೇರ ಫೋನ್ ಮಾಡಿದರೆ ಸಾಕು.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಂಗಳವಾರದ ರಜೆ ವಾಪಸ್ ತೆಗೆದುಕೊಂಡೆ. ಸ್ಟಾಫ್ ರಿಪೋರ್ಟ್ ಓದಿದೆ. ಮೂಲೆಗಳ ಇಳಿಜಾರಿನ ಕೆಲಸ ಅದರಲ್ಲಿದೆ, ಸಿಗ್ನಲ್ ಮಾತೇ ಇಲ್ಲ. 2.8 ಅಡಿಯ ಪತ್ರ ಬರೆದು ಎಂಜಿನಿಯರ್, ಸೂಪರ್‌ವೈಸರ್ ಸಹಾಯಕಿ, ಸಿಟಿ ಮೂವರಿಗೂ ಹಾಕಿದ್ದೇನೆ. ರೆಫರಲ್ ಬಂದರೆ ಅಮ್ಮ ಮಾತಾಡಲು ತಯಾರು, ಆದರೆ ಅಷ್ಟರಲ್ಲಿ ಅವರು ಇಲ್ಲಿ ಇರಬಹುದಾದ ಆರು ತಿಂಗಳು ಮುಗಿಯದಿದ್ದರೆ ಸಾಕು!

ರಸ್ತೆ ಎಂಜಿನಿಯರಿಂಗಿನಲ್ಲಿ ಕೆಲಸ ಮಾಡುವವರು

ಇನ್ನೊಂದು ಸಾಲು ಆ ಪತ್ರಕ್ಕೆ ಸೇರಿಸಿ. ಎಲ್ಲರಿಗೂ ಸಮಯ ಜಾಸ್ತಿ ಮಾಡಲು ಆಗುವುದಿಲ್ಲ, ಟ್ರಾಫಿಕ್ ನಿಲ್ಲುತ್ತದೆ ಅಂತ ಹೇಳಬಹುದು. ಹಾಗಾದರೆ ಬಟನ್ನನ್ನು ಎರಡು ಸೆಕೆಂಡ್ ಒತ್ತಿ ಹಿಡಿದವರಿಗೆ ಮಾತ್ರ ಹೆಚ್ಚು ಸಮಯ ಕೊಡುವ ವ್ಯವಸ್ಥೆ ಮಾಡಿ ಅಂತ ಕೇಳಿ. ಅದಕ್ಕೆ ಕೈಪಿಡಿಯಲ್ಲಿ ಬೇರೆ ಫಲಕವೇ ಇದೆ, ಬಟನ್ ಪಕ್ಕ ಹಾಕುತ್ತಾರೆ. ನಿಮ್ಮ ಮೂಲೆಯಲ್ಲಿ ಅದು ಆಗಲೇ ಇದೆಯಾ ಅಂತ ಇವತ್ತು ಸಂಜೆ ಒಮ್ಮೆ ನೋಡಿ ಬನ್ನಿ.