ಕೈ ಹಿಡಿದು ಎಳೆದಾಗ ಮಗುವಿನ ಮೊಣಕೈ ಜಾರಿತು: ಮುಂದೆ ತೊಂದರೆಯಾದೀತೇ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ಕಳೆದ ವಾರ ಮನೆಮಂದಿಯೆಲ್ಲ ಶ್ರವಣಬೆಳಗೊಳಕ್ಕೆ ಹೋಗಿದ್ದೆವು. ವಿಂಧ್ಯಗಿರಿಯನ್ನು ಹತ್ತುವಾಗ ಎರಡೂಕಾಲು ವರ್ಷದ ಮಗಳನ್ನು ನಮ್ಮ ಯಜಮಾನರು ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಇಳಿಯುವಾಗ ತಾನೇ ನಡೆಯುತ್ತೇನೆಂದು ಹಟ ಹಿಡಿದಳು. ನಾವಿಬ್ಬರೂ ಒಂದೊಂದು ಕೈ ಹಿಡಿದುಕೊಂಡು ಬಂಡೆಯ ಮೆಟ್ಟಿಲುಗಳ ಮೇಲೆ ನಿಧಾನವಾಗಿ ಇಳಿಸುತ್ತಿದ್ದಾಗ ಅವಳ ಕಾಲು ಜಾರಿತು; ಬಿದ್ದಾಳೆಂಬ ಭಯದಲ್ಲಿ ನಾನು ಹಿಡಿದಿದ್ದ ಎಡಗೈಯನ್ನು ರಪ್ಪನೆ ಮೇಲಕ್ಕೆ ಎಳೆದೆ. ಮಗು ಚೀರಿತು. ಸ್ವಲ್ಪ ಹೊತ್ತಿಗೆ ಅಳು ನಿಂತಿತಾದರೂ ಆ ಕೈಯನ್ನು ಹೊಟ್ಟೆಗೆ ಅವಚಿಕೊಂಡು ಎತ್ತಲೇ ಇಲ್ಲ. ಬಿಸ್ಕತ್ತು ಕೊಟ್ಟರೂ ಬಲಗೈಯನ್ನೇ ಚಾಚಿದಳು. ಊತವಿರಲಿಲ್ಲ. ಉಳುಕಿರಬೇಕೆಂದು ಅತ್ತೆಯವರು ಕೊಬ್ಬರಿ ಎಣ್ಣೆ ಹಚ್ಚಿ ನೀವಲು ಹೋದರೆ ಮುಟ್ಟಗೊಡಲಿಲ್ಲ. ಸಂಜೆ ಹತ್ತಿರದ ಪಟ್ಟಣದ ಮಕ್ಕಳ ವೈದ್ಯರು ಎಕ್ಸ್‌ರೇ ತೆಗೆಸದೆಯೇ ಕೈಯನ್ನು ಒಮ್ಮೆ ತಿರುಗಿಸಿದರು. ಹತ್ತು ನಿಮಿಷದಲ್ಲಿ ಅವಳು ಎರಡೂ ಕೈ ಚಾಚಿ ನನ್ನ ಬಳಿ ಬಂದಳು. ಎಕ್ಸ್‌ರೇ ಇಲ್ಲದೆ ಹೀಗೆ ಮಾಡಿದ್ದು ಸರಿಯೇ? ಕೀಲು ಸಡಿಲವಾಗಿಯೇ ಉಳಿಯುತ್ತದೆಯೇ? ನನ್ನ ಕೈಯಿಂದಲೇ ಹೀಗಾಯಿತಲ್ಲ ಎಂಬ ಸಂಕಟ ಬಿಡುತ್ತಿಲ್ಲ.

ಉತ್ತರ (ಮಕ್ಕಳ ವೈದ್ಯರು): ನಮಸ್ಕಾರ ಅಮ್ಮಾ. ನೀವು ಎಳೆಯದಿದ್ದರೆ ಮಗು ಕಲ್ಲಿನ ಮೇಲೆ ಬೀಳುತ್ತಿತ್ತು. ಆ ಗಳಿಗೆಯಲ್ಲಿ ಯಾವ ತಾಯಿಯಾದರೂ ಅದನ್ನೇ ಮಾಡುತ್ತಿದ್ದಳು.

ಮುಂಗೈಯ ಎರಡು ಮೂಳೆಗಳಲ್ಲಿ ಹೆಬ್ಬೆರಳಿನ ಕಡೆಯ ಮೂಳೆಯ ಮೇಲ್ತುದಿಯನ್ನು ಮೊಣಕೈಯ ಬಳಿ ಒಂದು ಅಸ್ಥಿರಜ್ಜು ಬಳೆಯಂತೆ ಸುತ್ತಿ ಹಿಡಿದಿರುತ್ತದೆ. ಎಳೆಯ ಮಕ್ಕಳಲ್ಲಿ ಈ ಬಳೆಯ ಹಿಡಿತ ಇನ್ನೂ ಬಿಗಿಯಾಗಿರುವುದಿಲ್ಲವಾದ್ದರಿಂದ, ನೀಟಾಗಿ ಚಾಚಿದ ಕೈಯನ್ನು ಹಠಾತ್ತನೆ ಎಳೆದಾಗ ಅದು ಮೂಳೆಯ ತುದಿಯಿಂದ ಜಾರಿ ಕೀಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಮೂಳೆ ಮುರಿದಿರುವುದಿಲ್ಲ. ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಇದು ಬಹಳ ಸಾಮಾನ್ಯ. ದೊಡ್ಡವರಲ್ಲಿ ಹೆಚ್ಚಿನವರು ಬಲಗೈಯಿಂದ ಹಿಡಿಯುವುದರಿಂದಲೋ ಏನೋ, ಮಕ್ಕಳ ಎಡಗೈಯಲ್ಲೇ ಹೆಚ್ಚಾಗಿ ಕಾಣುತ್ತೇವೆ. ಸಿಕ್ಕಿಕೊಂಡ ಬಳೆ ಸ್ವಸ್ಥಾನಕ್ಕೆ ಮರಳಿದೊಡನೆ ನೋವು ಹೋಗುತ್ತದೆ, ಆಮೇಲೆ ಪಟ್ಟಿಯಾಗಲಿ ಕಟ್ಟಾಗಲಿ ಬೇಕಾಗುವುದಿಲ್ಲ.

ಎಳೆದದ್ದು ಖಚಿತವಾಗಿ ಗೊತ್ತಿದ್ದು, ಊತವಿಲ್ಲದೆ, ಮಗು ಕೈಯನ್ನು ತುಸು ಮಡಚಿ ಅಂಗೈಯನ್ನು ಒಳಕ್ಕೆ ತಿರುಗಿಸಿಕೊಂಡು ಸುಮ್ಮನಿದ್ದರೆ ಎಕ್ಸ್‌ರೇ ಬೇಕಿಲ್ಲ, ತೆಗೆಸಿದರೂ ಸಾಮಾನ್ಯವಾಗಿ ಅದರಲ್ಲಿ ಏನೂ ಕಾಣುವುದಿಲ್ಲ. ನಿಮ್ಮ ವೈದ್ಯರು ಮಾಡಿದ್ದು ಸರಿಯಾಗಿಯೇ ಇದೆ. ಮಗು ಬಿದ್ದಿದ್ದರೆ, ಮೊಣಕೈ ಊದಿದ್ದರೆ, ಆಕಾರ ಬದಲಾಗಿದ್ದರೆ ಅಥವಾ ಬೆರಳುಗಳು ತಣ್ಣಗಾಗಿ ಬಿಳಿಚಿಕೊಂಡಿದ್ದರೆ ಮಾತು ಬೇರೆ. ಆಗ ಮೂಳೆ ಮುರಿದಿರುವ ಸಾಧ್ಯತೆಯಿರುವುದರಿಂದ ಕೈಯನ್ನು ಅಲುಗಾಡಿಸದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಎಣ್ಣೆ ತೀಡಿ ನೀವುವುದನ್ನು ನಾನು ಬೇಡವೆನ್ನುವುದು ಇದೇ ಕಾರಣಕ್ಕೆ. ಜಾರಿದ ಬಳೆಗೆ ಅದರಿಂದ ಪ್ರಯೋಜನವಿಲ್ಲ, ಮುರಿದ ಮೂಳೆಗೆ ಅಪಾಯವಿದೆ. ಅತ್ತೆಯವರಿಗೆ ಇದನ್ನು ಮೆಲ್ಲಗೆ ತಿಳಿಸಿ. ಅವರದ್ದೂ ಮಗುವಿನ ಮೇಲಿನ ಮಮತೆಯೇ.

ಶಾಶ್ವತವಾದ ತೊಂದರೆ ಉಳಿಯುವುದಿಲ್ಲ. ಆದರೆ ಕೆಲವು ಮಕ್ಕಳಿಗೆ ಇದು ಮರುಕಳಿಸುತ್ತದೆ, ಅದರಲ್ಲೂ ಮೊದಲ ಕೆಲವು ವಾರಗಳಲ್ಲಿ. ಮಗುವನ್ನು ಎತ್ತುವಾಗ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿ. ಎರಡು ಕೈ ಹಿಡಿದು ಉಯ್ಯಾಲೆಯಾಡಿಸುವುದು, ಬಸ್ಸಿನ ಮೆಟ್ಟಿಲಿಗೆ ಒಂದೇ ಕೈಯಿಂದ ಎಳೆದು ಹತ್ತಿಸುವುದು, ಬಿಗಿಯಾದ ತೋಳಿನ ಅಂಗಿಯಿಂದ ಕೈಯನ್ನು ಎಳೆದು ತೆಗೆಯುವುದು ಬೇಡ. ಸುಮ್ಮನೆ ಕೈ ಹಿಡಿದು ನಡೆಸಲು ಅಡ್ಡಿಯಿಲ್ಲ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನನ್ನ ಮಗನಿಗೆ ಒಂದೇ ವರ್ಷದಲ್ಲಿ ಎರಡು ಸಲ ಹೀಗಾಗಿದೆ. ಪ್ರವಾಸದಲ್ಲಿ ವೈದ್ಯರು ಸಿಗದಿದ್ದರೆ ನಾವೇ ಸರಿಪಡಿಸಬಹುದೇ ಸರ್?

ಉತ್ತರ: ವೀಡಿಯೊ ನೋಡಿ ಕಲಿತು ಪ್ರಯತ್ನಿಸಬೇಡಿ. ಪದೇಪದೇ ಆಗುವ ಮಕ್ಕಳ ತಂದೆತಾಯಿಗೆ ಅವರ ವೈದ್ಯರು ಎದುರಿನಲ್ಲೇ ಮಾಡಿಸಿ ಕಲಿಸುವುದುಂಟು, ನಿಮ್ಮವರನ್ನು ಕೇಳಿ. ಅಲ್ಲಿಯವರೆಗೆ, ಕೈಯನ್ನು ಮಗು ಇಟ್ಟುಕೊಂಡಿರುವ ಭಂಗಿಯಲ್ಲೇ ಬಿಟ್ಟು, ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಸಿರಪ್ ಕೊಟ್ಟು, ಅಂದೇ ಯಾರಾದರೂ ವೈದ್ಯರಿಗೆ ತೋರಿಸಿ. ಕೆಲವೊಮ್ಮೆ ದಾರಿಯಲ್ಲಿ ಅಂಗಿ ಬದಲಿಸುವಾಗಲೇ ಅದು ತಾನಾಗಿ ಕೂತುಬಿಡುತ್ತದೆ. ಐದು ವರ್ಷ ದಾಟಿದ ಮೇಲೆ ಆ ರಜ್ಜು ಗಟ್ಟಿಯಾಗುವುದರಿಂದ ಇದು ಅಪರೂಪ.