"ಆಕ್ಸೆಸ್ ಡಿನೈಡ್" ತೊಂದರೆ: ಕೇಳಿ, ಟೆಕ್ನಿಷಿಯನ್ ಉತ್ತರಿಸುತ್ತಾರೆ

ಸದಸ್ಯ 1: ಸರ್, ಹೊಸ ಡಿಸ್ಕ್‌ಗೆ ವಿಂಡೋಸ್ ಹಾಕಿಸಿ, ಹಳೆ ಡಿಸ್ಕನ್ನೂ ಜೋಡಿಸಿದೆ. ಅದರಲ್ಲಿರುವ ಫೋಟೋ ಫೋಲ್ಡರ್ ತೆರೆಯುತ್ತಿಲ್ಲ. "ಆಕ್ಸೆಸ್ ಡಿನೈಡ್" ಅನ್ನುತ್ತದೆ.

ಟೆಕ್ನಿಷಿಯನ್: ವಿಂಡೋಸ್ ನಿಮ್ಮನ್ನು ಗುರುತಿಸುವುದು ಹೆಸರಿನಿಂದಲ್ಲ, ಎಸ್‌ಐಡಿ ಎಂಬ ನಂಬರಿನಿಂದ. ಹೊಸ ಇನ್‌ಸ್ಟಾಲ್‌ನಲ್ಲಿ ಅದು ಬೇರೆಯಾಗಿದೆ, ಫೋಲ್ಡರ್ ಇನ್ನೂ ಹಳೆ ನಂಬರಿಗೇ ಸೇರಿದೆ. ಫೋಲ್ಡರ್‌ನ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್‌ಗೆ ಹೋಗಿ ಓನರ್ ಬದಲಿಸಿ. ಆಮೇಲೆ ನಿಮಗೆ ಫುಲ್ ಕಂಟ್ರೋಲ್ ಕೊಟ್ಟುಕೊಳ್ಳಿ. ಬರೀ ಓನರ್ ಆದರೆ ಸಾಲದು.

ಸದಸ್ಯ 2: ಇಷ್ಟೆಲ್ಲ ಯಾಕೆ? ಇಡೀ ಸಿ ಡ್ರೈವ್‌ಗೆ "ಎವ್ರಿಒನ್ ಫುಲ್ ಕಂಟ್ರೋಲ್" ಕೊಡುವ ಕಮ್ಯಾಂಡ್ ಇದೆ. ನನಗೆ ಫಾರ್ವರ್ಡ್ ಬಂದಿತ್ತು, ಹಾಕುತ್ತೇನೆ.

ಟೆಕ್ನಿಷಿಯನ್: ದಯವಿಟ್ಟು ಹಾಕಬೇಡಿ. ಸಿಸ್ಟಮ್ ಫೈಲ್‌ಗಳಿಗೆ ಟ್ರಸ್ಟೆಡ್‌ಇನ್‌ಸ್ಟಾಲರ್ ಎಂಬ ವಿಂಡೋಸ್‌ನದೇ ಖಾತೆ ಓನರ್ ಆಗಿರುವುದಕ್ಕೆ ಕಾರಣವಿದೆ. ಇಡೀ ಡ್ರೈವ್‌ನ ಪರ್ಮಿಷನ್ ಕೆಡಿಸಿದರೆ ಹಿಂದಕ್ಕೆ ತರುವ ಬಟನ್ ಇಲ್ಲ.

ಸದಸ್ಯ 3: ನಾನು ಅದನ್ನೇ ಮಾಡಿ ಕೊನೆಗೆ ವಿಂಡೋಸ್ ಮತ್ತೆ ಹಾಕಬೇಕಾಯಿತು.

ಸದಸ್ಯ 2: ನಿಮಗೆ ಕಮ್ಯಾಂಡ್ ಟೈಪ್ ಮಾಡಲು ಬಂದಿಲ್ಲ, ಅಷ್ಟೇ.

ಸದಸ್ಯ 3: ನಿಮ್ಮ ಕಂಪ್ಯೂಟರ್ ಮೇಲೆ ಏನಾದರೂ ಮಾಡಿಕೊಳ್ಳಿ. ಇಲ್ಲಿ ಹಂಚಬೇಡಿ.

ಸದಸ್ಯ 4: ಸರ್, ನನ್ನ ಹಳೆ ಡಿಸ್ಕ್ ಕೂಡ ಡಿನೈಡ್ ಅನ್ನುತ್ತಿದೆ.

ಟೆಕ್ನಿಷಿಯನ್: ಮೇಲೆ ಬರೆದಿದ್ದೇನೆ.

ಸದಸ್ಯ 5: ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ಜಾಗ) ಒಂದು ಕೀ, ಅಂದರೆ ಅಲ್ಲಿನ ಫೋಲ್ಡರ್‌ನಂಥದ್ದು, ಅಳಿಸಲು ಬಿಡುತ್ತಿಲ್ಲ. ಎಕ್ಸ್‌ಪೋರ್ಟ್ ಮಾಡಿಟ್ಟು ಪರ್ಮಿಷನ್ ಬದಲಿಸಲಾ?

ಟೆಕ್ನಿಷಿಯನ್: ಎಕ್ಸ್‌ಪೋರ್ಟ್ ಮಾಡಿದ ಫೈಲ್‌ನಲ್ಲಿ ವ್ಯಾಲ್ಯೂ ಇರುತ್ತದೆ, ಪರ್ಮಿಷನ್ ಇರುವುದಿಲ್ಲ. ಈಗಿನ ಓನರ್ ಯಾರು, ಯಾರಿಗೆ ಏನಿದೆ, ಬರೆದಿಟ್ಟುಕೊಂಡು ಮುಟ್ಟಿ.

ಸದಸ್ಯ 6: ಸರ್, ಪ್ರಿಂಟರ್ ಇನ್‌ಸ್ಟಾಲ್‌ನಲ್ಲೂ ಪರ್ಮಿಷನ್ ಎರರ್?

ಸದಸ್ಯ 1: ಸರ್, ಓನರ್ ಆದೆ, ಫುಲ್ ಕಂಟ್ರೋಲೂ ಇದೆ. ಫೋಲ್ಡರ್ ತೆರೆಯಿತು, ಫೋಟೋ ಮಾತ್ರ ಇನ್ನೂ ಡಿನೈಡ್. ಪ್ರತಿ ಫೈಲ್ ಮೇಲೂ ಚಿಕ್ಕ ಬೀಗದ ಚಿತ್ರ ಕಾಣುತ್ತಿದೆ.

ಟೆಕ್ನಿಷಿಯನ್: ಅಲ್ಲಿಗೇ ನಿಲ್ಲಿಸಿ. ಇದು ಪರ್ಮಿಷನ್ ಅಲ್ಲ, ಇಎಫ್‌ಎಸ್ ಎನ್‌ಕ್ರಿಪ್ಷನ್, ಅಂದರೆ ವಿಂಡೋಸ್ ಫೈಲನ್ನೇ ಗುಪ್ತಲಿಪಿಗೆ ತಿರುಗಿಸಿ ಬೀಗ ಹಾಕುವುದು. ಓನರ್ ಯಾರಾದರೂ ಆಗಲಿ, ಕೀಲಿ ಇಲ್ಲದೆ ಫೈಲ್ ತೆರೆಯುವುದಿಲ್ಲ. ಆ ಕೀಲಿ ಹಳೆ ವಿಂಡೋಸ್‌ನಲ್ಲಿ, ನಿಮ್ಮ ಯೂಸರ್ ಫೋಲ್ಡರ್ ಒಳಗೆ, ಹಳೆ ಪಾಸ್‌ವರ್ಡ್‌ಗೆ ಕಟ್ಟಿಕೊಂಡು ಕೂತಿದೆ. ಹಳೆ ಡಿಸ್ಕ್ ಫಾರ್ಮ್ಯಾಟ್ ಮಾಡಿದರೆ ಕೀಲಿ ಹೋಯಿತು, ಫೋಟೋನೂ ಹೋಯಿತು. ಪಾಸ್‌ವರ್ಡ್ ರಿಸೆಟ್ ಮಾಡುವ ಟೂಲ್ ಕೂಡ ಬೇಡ, ಬಲವಂತವಾಗಿ ಬದಲಿಸಿದರೆ ಕೀಲಿ ಕೈಗೆ ಸಿಗುವುದಿಲ್ಲ. ಹಳೆ ವಿಂಡೋಸ್ ಇನ್ನೂ ಅದೇ ಡಿಸ್ಕ್‌ನಲ್ಲಿದೆಯಾ? ಪಾಸ್‌ವರ್ಡ್ ನೆನಪಿದೆಯಾ?

ಸದಸ್ಯ 2: ಬೀಗ ತೆಗೆಯುವ ಸಾಫ್ಟ್‌ವೇರ್ ಲಿಂಕ್ ಇದೆ, ಬೇಕಾ?

ಟೆಕ್ನಿಷಿಯನ್: ಸಾಕು. ಇನ್ನೊಂದು ಲಿಂಕ್ ಬಂದರೆ ತೆಗೆಸುತ್ತೇನೆ.

ಸದಸ್ಯ 1: ಎರಡೂ ಇವೆ ಸರ್. ನಾಳೆ ಫಾರ್ಮ್ಯಾಟ್ ಮಾಡೋಣ ಅಂತಿದ್ದೆ.

ಟೆಕ್ನಿಷಿಯನ್: ಹೊಸ ಡಿಸ್ಕ್ ಬಿಚ್ಚಿಟ್ಟು ಹಳೆಯದರಿಂದಲೇ ಆನ್ ಮಾಡಿ. ಹಳೆ ಪಾಸ್‌ವರ್ಡ್‌ನಿಂದ ಲಾಗಿನ್ ಆಗಿ, ಮೊದಲು ಒಂದೇ ಒಂದು ಫೋಟೋ ತೆರೆದು ನೋಡಿ. ತೆರೆದರೆ ಬರೆಯಿರಿ, ಆ ಕೀಲಿಯ ಸಮೇತ ಸರ್ಟಿಫಿಕೇಟ್ ಹೊರತೆಗೆಯುವುದನ್ನು ಒಂದೊಂದೇ ಹೆಜ್ಜೆ ಹೇಳುತ್ತೇನೆ.

ಸದಸ್ಯ 6: ಸರ್, ಪ್ರಿಂಟರ್?