ಸಹಾಯ ಬೇಕು: ಲ್ಯಾಪ್‌ಟಾಪ್ ಟಿವಿಗೆ ಹಾಕಿದ್ರೆ ಅಕ್ಷರ ಮಸುಕು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಈಗ ಸಣ್ಣ ಅಕ್ಷರ ಕಾಣಲ್ಲ. ದೊಡ್ಡ ಪರದೇಲಿ ಪೇಪರ್ ಓದಲಿ ಅಂತ ನನ್ನ ಹಳೇ ಲ್ಯಾಪ್‌ಟಾಪನ್ನ 43 ಇಂಚಿನ 4ಕೆ ಟಿವಿಗೆ ಎಚ್‌ಡಿಎಂಐ ಕೇಬಲ್‌ನಲ್ಲಿ ಸಿಕ್ಕಿಸಿದೆ. ಸಿನಿಮಾ ಚೆನ್ನಾಗೇ ಕಾಣುತ್ತೆ, ಆದ್ರೆ ಅಕ್ಷರದ ಅಂಚೆಲ್ಲ ಕಲಸಿದ ಹಾಗಿದೆ. ಕಪ್ಪಿನ ಮೇಲೆ ಕೆಂಪು ಅಕ್ಷರ ಅಂತೂ ಓದೋಕೇ ಆಗಲ್ಲ.

ಮೊದಲು ಟಾಸ್ಕ್‌ಬಾರ್ ಅರ್ಧ ಮಾಯವಾಗಿತ್ತು. ಟಿವಿಯಲ್ಲಿ ಓವರ್‌ಸ್ಕ್ಯಾನ್ (ಚಿತ್ರದ ಅಂಚು ಕತ್ತರಿಸೋ ಸೆಟ್ಟಿಂಗ್) ಆಫ್ ಮಾಡಿದ ಮೇಲೆ ಸರಿಹೋಯ್ತು. ಶಾರ್ಪ್‌ನೆಸ್ ಇಳಿಸಿದೆ, ಅಕ್ಷರದ ಸುತ್ತ ಇದ್ದ ಬಿಳಿ ಗೆರೆ ಹೋಯ್ತು. ಈಗ 4ಕೆಯಲ್ಲಿ (3840×2160) 30 ಹರ್ಟ್ಜ್, ಅಂದ್ರೆ ಸೆಕೆಂಡಿಗೆ 30 ಚಿತ್ರ ಮಾತ್ರ ಸಿಗ್ತಿದೆ, ಮೌಸ್ ತಡವರಿಸುತ್ತೆ. ಲ್ಯಾಪ್‌ಟಾಪಿನದು ಎಚ್‌ಡಿಎಂಐ 1.4, 4ಕೆಯಲ್ಲಿ 60 ಹರ್ಟ್ಜ್‌ಗೆ ಎಚ್‌ಡಿಎಂಐ 2.0 ಬೇಕು ಅನ್ನೋದು ಗೊತ್ತು. ಅಂಗಡಿಯವರು ದುಬಾರಿ ಕೇಬಲ್ ತಗೊಳ್ಳಿ ಅಂದ್ರು. ಪೋರ್ಟೇ ಹಳೇದಾದ್ರೆ ಕೇಬಲ್ ಪಾಪ ಏನು ಮಾಡುತ್ತೆ?

ಬಣ್ಣದ ವಿವರ ಪೂರ್ತಿ ಬರೋಕೆ, ಅಂದ್ರೆ 4:4:4, ಇನ್‌ಪುಟ್‌ಗೆ ‘ಪಿಸಿ’ ಅಂತ ಹೆಸರು ಕೊಡಬೇಕು ಅಂತಾರೆ. ನನ್ನ ಟಿವಿಯ ಮೆನುವಿನಲ್ಲಿ ಎಷ್ಟು ಹುಡುಕಿದ್ರೂ ಅದು ಸಿಗ್ತಿಲ್ಲ. ಬೇರೆ ದಾರಿ ಇದೆಯಾ? ಓದೋದಕ್ಕಷ್ಟೇ ಆದ್ರೆ 1920×1080, 60 ಹರ್ಟ್ಜ್‌ಗೆ ಇಳಿಸಲಾ, ಇಲ್ಲಾ 4ಕೆಯಲ್ಲೇ ಸ್ಕೇಲಿಂಗ್ (ಅಕ್ಷರ, ಐಕಾನ್‌ಗಳ ಗಾತ್ರ) ಶೇ 200 ಇಡಲಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.